ಬಣ್ಣ ಬಳಿದ ನಗಾರಿ

ಸೇಂಟ್ ಥಾಮಸ್ ಗುಡ್ಡಗಳು, ಜಮೈಕಾ

ಸಂಸ್ಕೃತಿ ಮಂತ್ರಿ ಇ. ಎಲ್. ಕ್ರೂಕ್ಸ್ ಅವರಿಗೆ,

ನಿಮ್ಮ ಕುಶಲವನ್ನು ವಿಚಾರಿಸುವ ಮನಸ್ಸು ನನಗಿಲ್ಲ. ಆದುದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ರೆಗೇ ಸಂಗೀತೋತ್ಸವದ ಉದ್ಘಾಟನೆಯಲ್ಲಿ ನಾನು ನಗಾರಿ ಬಾರಿಸಬೇಕೆಂಬ ನಿಮ್ಮ ಆಹ್ವಾನ ತಲುಪಿತು. ನಿನ್ನೆ ನಿಮ್ಮ ಕಚೇರಿಗೆ ಬಂದು ಆ ನಗಾರಿಯನ್ನು ಕಂಡೆ. ಹನ್ನೊಂದು ವರ್ಷಗಳ ಹಿಂದೆ ಪೊಲೀಸರು ನಮ್ಮ ಪ್ರಾರ್ಥನಾಮಂದಿರವನ್ನು ಸುಟ್ಟು, ನನ್ನ ವ್ರತದ ಜಟೆಯನ್ನು ಕತ್ತರಿಸಿ, ಹೊತ್ತೊಯ್ದ ನಗಾರಿ ಅದೇ. ಆಗ ಗೃಹಮಂತ್ರಿಯಾಗಿದ್ದು ಆ ದಾಳಿಗೆ ಅಪ್ಪಣೆ ಕೊಟ್ಟವರು ನೀವೇ. ಬೂಟಿನ ಒದೆತಕ್ಕೆ ಬಿರಿದ ಮರಕ್ಕೆ ಈಗ ನಮ್ಮ ರಾಸ್ತಫಾರಿ ಪಂಥದ್ದೇ ಆದ ಕೆಂಪು, ಹೊನ್ನು, ಹಸಿರು ಬಣ್ಣಗಳನ್ನು ಬಳಿಸಿದ್ದೀರಿ.

“ಅಜ್ಜಾ, ಎರಡೇ ಏಟು ಹೊಡೀರಿ ಸಾಕು, ಫೋಟೋದವ್ರು ಕಾಯ್ತಿರ್ತಾರೆ,” ಎಂದ ನಿಮ್ಮ ಗುಮಾಸ್ತ.

“ಆ ಏಟು ಯಾರ ಮೇಲೆ ಬೀಳುತ್ತೆ ಗೊತ್ತೇನಯ್ಯಾ?” ಎಂದೆ.

“ತೊಗಲಿನ ಮೇಲೆ, ಇನ್ನೆಲ್ಲಿ!” ಎಂದು ನಕ್ಕ.

ಅವನಿಗೆ ತಿಳಿಯದು; ನಿಮಗೆ ತಿಳಿದಿರಲಿ. ಜನರನ್ನು ತುಳಿಯುವ ಆಳ್ವಿಕೆಯನ್ನು ನಾವು ಬ್ಯಾಬಿಲೋನ್ ಎನ್ನುತ್ತೇವೆ. ದೊಡ್ಡ ನಗಾರಿಯ ಪ್ರತಿ ಏಟೂ ಅದರ ಪತನಕ್ಕಾಗಿ ದೇವರ ಮುಂದಿಡುವ ಪ್ರಾರ್ಥನೆ. ಯಾರ ಪತನವನ್ನು ಬೇಡುತ್ತಿದ್ದೇವೆಂಬುದನ್ನು ಮೊದಲೇ ಹೆಸರು ಹಿಡಿದು ಹೇಳುವುದು ನಮ್ಮ ಮಂದಿರದ ಪದ್ಧತಿ.

ಆದುದರಿಂದ ಖಂಡಿತ ಬರುತ್ತೇನೆ. ಬಣ್ಣವನ್ನು ಕೆರೆಸಿಡಿ; ಆ ಬಿರುಕು ಎಲ್ಲರಿಗೂ ಕಾಣಲಿ. ಮೈಕನ್ನು ನನ್ನ ಬಾಯಿಯ ಹತ್ತಿರ ಇರಿಸಿ. ನೀವು ಮೊದಲ ಸಾಲಿನಲ್ಲೇ ಕುಳಿತಿರಿ.

ಇನ್ನೊಂದು ಕೋರಿಕೆ: ತಂದೆತಾಯಿ ಇಟ್ಟ ನಿಮ್ಮ ಪೂರ್ಣ ಹೆಸರನ್ನು ಬರೆದು ಕಳುಹಿಸಿ. ಪ್ರಾರ್ಥನೆಯಲ್ಲಿ ಹೆಸರು ತಪ್ಪಬಾರದು.

ಇಂತಿ, ನಿಮ್ಮವನಲ್ಲದ,
ಬೊಂಗೋ ಹೆಝೆಕಾಯ