ನಂದಾಯ್ತು

ಪರದೇಶ, ಹೋಟೆಲಿನ ನಾಲ್ಕನೇ ಮಹಡಿ
ಮಾರ್ಚ್ ೧೨, ಬುಧವಾರ ಬೆಳಗ್ಗೆ

ಪ್ರೀತಿಯ ಅಕ್ಕಾ,

ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲಾ ಬಾಟಲಿಯನ್ನು ಕಪಾಟಿನಲ್ಲಿಟ್ಟು ದೂರದಿಂದಲೇ ದರ್ಶನ ಮಾಡುತ್ತಿದ್ದೀಯೋ? ಭಾವನ ಕೆಮ್ಮಿಗೆ ನನ್ನ ಗೌರವಪೂರ್ವಕ ನಮಸ್ಕಾರ. ನಾನು ಕ್ಷೇಮ. ಹಲ್ಲುಜ್ಜುವ ಬ್ರಷ್ ಮರೆತು ಬಂದದ್ದು ಬಿಟ್ಟರೆ ಮನೆತನದ ಮಾನಕ್ಕೆ ಧಕ್ಕೆ ತಂದಿರಲಿಲ್ಲ, ನಿನ್ನೆಯವರೆಗೆ.

ನಿನ್ನೆ, ನಮ್ಮ ಮನೆಯ ಮೇಲೆ ನಾನು ಬರೆದ ಹಾಸ್ಯದ ಪುಸ್ತಕವನ್ನು ಇಲ್ಲಿಯ ಭಾಷೆಗೆ ತರುತ್ತಿರುವ ಮಹಾತಾಯಿಯ ಮನೆಗೆ ಹೋಗಿದ್ದೆ. ಆಕೆ ಕನ್ನಡ ಕಲಿತದ್ದು ಬರೀ ಪುಸ್ತಕಗಳಿಂದ. ಬಾಗಿಲು ತೆರೆದವರೇ “ಆಗಮಿಸಬೇಕು, ಆಸೀನರಾಗಬೇಕು” ಎಂದರು. ಯಾವ ಮಹಾರಾಜ ಬಂದನಪ್ಪಾ ಎಂದು ನಾನೇ ಹಿಂತಿರುಗಿ ನೋಡಿದೆ. ಕುರ್ಚಿಯ ಮೇಲಿನ ನಿಘಂಟನ್ನೂ ನಿಘಂಟಿನ ಮೇಲಿನ ಬೆಕ್ಕನ್ನೂ ಎತ್ತಿ ನನಗೆ ಜಾಗ ಮಾಡಿಕೊಟ್ಟರು. ಬೆಕ್ಕು ನನ್ನನ್ನು ವಿಮರ್ಶಕನ ಹಾಗೆ ಒಮ್ಮೆ ಮೇಲಿಂದ ಕೆಳಗೆ ನೋಡಿ ಹೊರಟುಹೋಯಿತು. ಕೂತ ತಕ್ಷಣ ಕೇಳಿದ್ದು “ತಮ್ಮ ಅಗ್ರಜೆ ಕ್ಷೇಮವೇ?” ಎಂದು. ಬರೆದವನ ಕ್ಷೇಮ ಆಮೇಲೆ. ಇಷ್ಟು ದೂರದಲ್ಲಿ ನಿನಗೊಬ್ಬರು ಅಭಿಮಾನಿ, ಅಕ್ಕಾ.

ಪುಸ್ತಕವೆಲ್ಲ ಮುಗಿದಿದೆಯಂತೆ, ‘ಕಳ್ಳಬೆಕ್ಕು’ ಒಂದನ್ನು ಬಿಟ್ಟು. ಅಪ್ಪ ಕೆಲಸ ಕಳೆದುಕೊಂಡ ವರ್ಷ ನೀನು ನಮಗೆಲ್ಲ ಬಡಿಸಿ, ನೀನೂ ಕೂತ್ಕೊಳ್ಳೇ ಎಂದರೆ “ನಂದಾಯ್ತು” ಅನ್ನುತ್ತಿದ್ದೆಯಲ್ಲ, ಅದೇ ಅಧ್ಯಾಯ. ನಮಗಿಂತ ಮೊದಲೇ ಅಡುಗೆಮನೆಯಲ್ಲಿ ಕದ್ದು ತಿಂದು ಮೂತಿ ಒರೆಸಿಕೊಳ್ಳುವ ಕಳ್ಳಬೆಕ್ಕು ಎಂದು ನಿನ್ನನ್ನು ಎಷ್ಟು ಚೆಂದ ಆಡಿಕೊಂಡಿದ್ದೆ. ಓದಿದವರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಬೇರೆ ಯಾರ ಹೊಟ್ಟೆಯ ವಿಚಾರವೂ ನನಗೆ ಹೊಳೆಯಲಿಲ್ಲ.

ಆಕೆ ಹೇಳಿದರು: “ನಮ್ಮ ಭಾಷೆಯಲ್ಲಿ ಏನೂ ಸುಮ್ಮನೆ ‘ಆಗುವುದಿಲ್ಲ’. ಯಾರು ಏನು ಮಾಡಿದರೆಂದು ಹೇಳಲೇಬೇಕು. ತಮ್ಮ ಅಗ್ರಜೆ ಉಂಡರೋ, ಉಣ್ಣಲಿಲ್ಲವೋ?” ಉಂಡಿರ್ತಾಳೆ ಬಿಡಿ ಎಂದೆ. ಆಕೆ ಕನ್ನಡಕ ಏರಿಸಿಕೊಂಡು ನನ್ನದೇ ಸಾಲಿನ ಮೇಲೆ ಬೆರಳಿಟ್ಟರು. ಊಟವಾದ ಮೇಲೆ ತಟ್ಟೆ ತೊಳೆಯುವ ಪಾಳಿ ನನ್ನದು, ದಿನವೂ ಐದು ತಟ್ಟೆ ತೊಳೆದೂ ತೊಳೆದೂ ಕೈರೇಖೆಯೇ ಸವೆದುಹೋಗಿ ಭವಿಷ್ಯವಿಲ್ಲದವನಾದೆ ಎಂದು ಗೋಳಾಡಿದ್ದೇನಲ್ಲ, ಅಲ್ಲಿ. “ಮನೆಯಲ್ಲಿ ತಾವು ಆರು ಮಂದಿ” ಎಂದರು. ಅಷ್ಟೇ.

ಅಕ್ಕಾ, ಆ ಸಾಲಿಗೆ ನಾನೇ ಎಷ್ಟೋ ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಮೇಷ್ಟರ ಮುಂದೆ ಲೆಕ್ಕ ತಪ್ಪಿದ ಹುಡುಗನ ಹಾಗೆ ಬಾಯಿಪಾಠ ಒಪ್ಪಿಸಿದೆ: ನೀನು ನಿನ್ನ ತಟ್ಟೆಯನ್ನು ನೀನೇ ತೊಳೆದಿಟ್ಟಿರಬಹುದು, ನಾನು ಎಣಿಸುವುದರಲ್ಲಿ ಎಡವಿರಬಹುದು. ಆಕೆ ಬೇಸರಿಸಿಕೊಳ್ಳಲಿಲ್ಲ. ಪುಸ್ತಕ ಓದಿ ಅಗ್ರಜೆ ಏನೆಂದರು ಎಂದು ಕೇಳಿದರು. ಬಿದ್ದು ಬಿದ್ದು ನಕ್ಕಳು ಎಂದುಬಿಟ್ಟೆ. ನೀನು ನಕ್ಕಿರಲಿಲ್ಲ. ಓದಿದ್ಯಾ ಎಂದು ಕೇಳಿದ್ದಕ್ಕೆ “ನಂದಾಯ್ತು” ಎಂದು ಪುಸ್ತಕವನ್ನು ನನ್ನ ಕೈಗೇ ಕೊಟ್ಟು, ತಟ್ಟೆ ಹಾಕಲಾ ಎಂದು ಕೇಳಿದ್ದೆ. ನಾನೂ ಹೂಂ ಎಂದು ಕೂತು ಉಂಡಿದ್ದೆ.

ಭಾವನಿಗೆ ನಮಸ್ಕಾರ. ಮಕ್ಕಳಿಗೆ ಆಶೀರ್ವಾದ, ನನ್ನ ಆಶೀರ್ವಾದದಿಂದ ಇದುವರೆಗೆ ಯಾರೂ ಉದ್ಧಾರವಾದ ದಾಖಲೆಯಿಲ್ಲ, ಆದರೂ ಇರಲಿ. ನನಗೆ ನಿನ್ನದು ಬೇಕು.

ಆ ವರ್ಷದ ಫೋಟೋದಲ್ಲೂ ಗುಂಡಗೇ ಇರುವ,
ನಿನ್ನ ಗುಂಡ

ತಾ.ಕ.: ಟಪಾಲು ಹೊರಡುವ ಹೊತ್ತಾಯಿತು. ನಿನ್ನ ಉತ್ತರ ಬರುವವರೆಗೆ ಆ ಅಧ್ಯಾಯವನ್ನು ಮುಟ್ಟಬೇಡಿ ಎಂದು ಆಕೆಗೆ ಹೇಳಿ ಬಂದಿದ್ದೇನೆ. ಉಂಡಿದ್ದರೆ ಅದು ಹಾಸ್ಯವಾಗಿಯೇ ಉಳಿಯಲಿ. ಇಲ್ಲದಿದ್ದರೆ ಕಳ್ಳಬೆಕ್ಕು ಯಾರೆಂದು ನಾನೇ ಹೊಸದಾಗಿ ಬರೆಯಬೇಕು. ಆಗ ನೀನು ಉಣ್ತಿದ್ಯಾ ಅಕ್ಕಾ? ಹೂಂ ಅನ್ನು, ಊಹೂಂ ಅನ್ನು. ನಂದಾಯ್ತು ಅಂತ ಮಾತ್ರ ಬರೀಬೇಡ.