ಹುಲಿಗೆಮ್ಮನ ಹೆಸರಿನ ರಕ್ತ

ಜೂನ್ 17, ಮಂಗಳವಾರ

ಆ ರಿಪೋರ್ಟ್ ತಲೆಯಿಂದ ಇಳಿಯುತ್ತಿಲ್ಲ. ಭದ್ರಾವತಿಯ ಹುಲಿಗೆಮ್ಮನಿಗೆ ಥೈರಾಯ್ಡ್ ಗ್ರಂಥಿ ತೆಗೆದು ಆರು ವಾರವಾಗಿದೆ. ಆಪರೇಷನ್‌ಗೆ ಮುಂಚೆ ರಕ್ತದಲ್ಲಿ ಆಂಟಿಬಾಡಿ ಸಾವಿರದ ಇನ್ನೂರಿತ್ತು. ಇವತ್ತು ಹದಿನಾಲ್ಕು! ಗ್ರಂಥಿ ತೆಗೆದರೂ ಅದು ಇಳಿಯಲು ತಿಂಗಳುಗಟ್ಟಲೆ ಬೇಕು. ಹನ್ನೊಂದು ವರ್ಷ ಲ್ಯಾಬಿನಲ್ಲಿ ಸುಮ್ಮನೆ ಕೂತಿಲ್ಲ ನಾನು.

ಮೊದಲು ಮೆಷಿನ್ ಮೇಲೆ ಅನುಮಾನ ಬಂತು. ಮತ್ತೆ ಹಾಕಿದೆ, ಅದೇ ಹದಿನಾಲ್ಕು. ಟ್ಯೂಬ್ ಅದಲುಬದಲಾಯಿತೇ ಎಂದು ನೋಡಿದರೆ ಲೇಬಲ್ ಮೇಲೆ ನನ್ನದೇ ಅಕ್ಷರ. ಲ್ಯಾಬಿನ ಓನರ್ ಯೋಗರಾಜ್ ನಕ್ಕರು. "ಒಳ್ಳೆ ರಿಪೋರ್ಟ್ ಬಂದ್ರೂ ಅನುಮಾನನಾ ಮಾರಾಯ್ತಿ? ಕಳ್ಸು." ಕಳಿಸಿದೆ. ಹಾರ್ಮೋನ್ ಕೂಡ ಸರಿಯಾಗಿತ್ತು. ಗ್ರಂಥಿಯ ಬದಲಿಗೆ ನುಂಗುವ ಹಾರ್ಮೋನ್ ಮಾತ್ರೆ ಬದಲಿಸುವುದು ಬೇಡ ಎಂದರಂತೆ ಡಾಕ್ಟರು.

ಸಂಜೆ ಮನೆಗೆ ಬಂದು ಕನ್ನಡಿ ಮುಂದೆ ಸರ ಬಿಚ್ಚುವಾಗ ಹೊಳೆಯಿತು. ಬೆಳಿಗ್ಗೆ ರಕ್ತ ಕೊಟ್ಟವಳು ತಲೆ ಎತ್ತಿ ನೀರು ಕುಡಿದಿದ್ದಳು. ಆ ಕತ್ತಿನಲ್ಲಿ ಹೊಲಿಗೆಯ ಕಲೆಯೇ ಇರಲಿಲ್ಲ. ಹೆಸರು ಕೇಳಿದಾಗ ಮಾತ್ರ ಹುಲಿಗೆಮ್ಮ ಎಂದಿದ್ದಳು, ಕಳ್ಳಿ! ಜನ ಮುಗಿಬಿದ್ದಿದ್ದರು, ನಾನೂ ಸರಿಯಾಗಿ ಮುಖ ನೋಡಲಿಲ್ಲ.

ರಿಪೋರ್ಟ್ ಕಳಿಸಿದ್ದ ನಂಬರಿಗೇ ಫೋನ್ ಮಾಡಿ ಗದರಿಸಿದೆ. ಅವಳು ಹುಲಿಗೆಮ್ಮನ ಮಗಳಂತೆ.

"ಅವ್ವಂಗೆ ಎದ್ದು ಬಸ್ ಹತ್ತೋಕೇ ಆಗ್ಲಿಲ್ಲ ಮೇಡಂ. ಮೂರು ದಿನದಿಂದ ಬರೀ ನಿದ್ದೆ, ಮೈಯೆಲ್ಲ ತಣ್ಣಗಿದೆ. ನಂದೂ ಅವಳ ರಕ್ತಾನೇ ಅಲ್ವಾ ಅಂತ ನಾನೇ ಕೊಟ್ಟೆ. ಎಲ್ಲ ಚೆನ್ನಾಗಿದೆ ಅಂತ ರಿಪೋರ್ಟ್ ಬಂತಲ್ಲ, ಮಲಗ್ಲಿ ಅಂತ ಸುಮ್ನಾದ್ವಿ."

ಹಾರ್ಮೋನ್ ತೀರಾ ಇಳಿದರೆ ಹೀಗೇ ಆಗುವುದು, ಜೀವಕ್ಕೇ ಅಪಾಯ. ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದು ಕೂಗಿದೆ. ಆಟೋ ತರ್ತೀನಿ ಎಂದಳು. ಆಮೇಲೆ ಫೋನ್ ಎತ್ತುತ್ತಿಲ್ಲ.

ಕಳಿಸು ಎಂದವರು ಯೋಗರಾಜ್. ಆದರೆ ಅನುಮಾನ ಇಟ್ಟುಕೊಂಡೇ ಕಳಿಸಿದವಳು ನಾನು.