ಗಾಯವಾದ ಮೇಲೆ ಬನ್ನಿ

ವಿಜಯಪುರ, ನೆರಳುಪೇಟೆ
ಉರಿಮಾಸದ ನಲವತ್ತೊಂದನೆಯ ದಿನ. ನಿಮ್ಮ ಎಣಿಕೆಯಲ್ಲಿ ೨೧೯೩ನೆಯ ಇಸವಿ

ನಮಗಿಂತ ಮೊದಲು ಬದುಕಿದ ತಾಯಂದಿರೇ, ಅಕ್ಕಂದಿರೇ,

ಈ ತಾರೀಖು ನಿಮಗೆ ತಪ್ಪಾಗಿ ಕಂಡೀತು. ನಿಮ್ಮ ಯಾವ ತಿಂಗಳಿಗೂ ಇಷ್ಟು ದಿನಗಳಿರಲಿಲ್ಲ. ನೀವು ಏಪ್ರಿಲ್ ಎಂದೂ ಮೇ ಎಂದೂ ಬೇರೆಬೇರೆಯಾಗಿ ಕರೆಯುತ್ತಿದ್ದುದನ್ನು ನಾವು ಒಂದೇ ತಿಂಗಳಾಗಿ ಮಾಡಿಕೊಂಡಿದ್ದೇವೆ. ಎರಡಕ್ಕೂ ವ್ಯತ್ಯಾಸ ಉಳಿಯಲಿಲ್ಲ. ನನ್ನ ಬರವಣಿಗೆಯಲ್ಲಿ ನಿಮಗೆ ಗೊತ್ತಿಲ್ಲದ ಶಬ್ದಗಳು ಬರುತ್ತವೆ, ಕ್ಷಮಿಸಬೇಕು. ನನ್ನ ಹೆಸರು ಚಂದ್ರಭಾಗಾ. ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಈ ಪತ್ರ ನಿಮ್ಮೆಲ್ಲರಿಗೂ ಅಲ್ಲ. ಕ್ಯಾನ್ಸರಿಗೆ ಕಿಮೊ ತೆಗೆದುಕೊಂಡು, ಕೂದಲು ಉದುರಿ, ತಲೆ ಉರಿದು, ಆ ಉರಿಯ ಸುದ್ದಿ ಎತ್ತದೆ ಸುಮ್ಮನಿದ್ದವರಿಗೆ. ನಿಮ್ಮ ಮೇಲೆ ನನಗೆ ಸಿಟ್ಟಿದೆ. ಯಾಕೆಂದು ಹೇಳುತ್ತೇನೆ.

ನನ್ನ ತಂಗಿ ಇಂದುಮತಿ ಈ ಊರಿನ ಕೂಗುಗಾರ್ತಿಯಾಗಿದ್ದಳು. ಬಿಸಿಲು ಏರುವ ಮೊದಲು ಧ್ವನಿವರ್ಧಕದಲ್ಲಿ ಊರಿಗೆಲ್ಲ ಎಚ್ಚರ ಹೇಳುವ ಕೆಲಸ ಅದು. ನಮ್ಮ ಬೀದಿಗಳಿಗೆ ಈಗ ಛಾವಣಿ ಇದೆ. ಒಂದು ನೆರಳುಬೀದಿಯಿಂದ ಇನ್ನೊಂದಕ್ಕೆ ದಾಟುವಲ್ಲಿ ಬಯಲು ಬರುತ್ತದೆ, ಅಲ್ಲಿ ಬಾಗಿಲು, ಪಹರೆ. ಹಗಲಲ್ಲಿ ತಂಪುಟೋಪಿ ಇಲ್ಲದವರನ್ನು ದಾಟಲು ಬಿಡುವುದಿಲ್ಲ. ತಂಪುಟೋಪಿ ಎಂದರೆ ನಗರಸಭೆ ಕೊಡುವ, ತಲೆಗೆ ಬಿಗಿಯಾಗಿ ಕೂರುವ ಟೋಪಿ. ಒಳಗೆ ಪುದೀನಾ ಸತ್ವದಂಥ ಲೇಪವಿರುತ್ತದೆ. ನಮ್ಮ ಅಜ್ಜಿಯ ಕಾಲದಲ್ಲಿ ಜನ ಬಯಲು ದಾಟುವಾಗಲೇ ಕುಸಿದು ಸಾಯುತ್ತಿದ್ದರಂತೆ, ಆಗ ಬಂದ ಕಾನೂನು. ಕೆಟ್ಟ ಕಾನೂನೇನಲ್ಲ. "ಟೊಪಿಗಿ ಹಾಕ್ಕೊಂಡ ಹೊರಗ ಬರ್ರೆಪಾ, ಬಿಸಲಾ ಏರಾಕತ್ತೈತಿ" ಎಂದು ಇಂದುಮತಿ ಕೂಗಿದರೆ ಹಠಮಾರಿ ಮಕ್ಕಳೂ ಕೇಳುತ್ತಿದ್ದವು. ಅವಳದು ಸೊಂಟದ ಕೆಳಗೆ ಇಳಿಯುವ ಜಡೆ. ಟೋಪಿಯ ಹಿಂದಿನಿಂದ ಅದನ್ನು ಎಳೆದು ಬಿಟ್ಟುಕೊಂಡು ನಡೆಯುತ್ತಿದ್ದಳು.

ಎದೆಯಲ್ಲಿ ಗಂಟು ಕಂಡಾಗ ನಾವು ಹೆದರಲಿಲ್ಲ. ನಮ್ಮಲ್ಲಿ ಗುರಿಮದ್ದು ಇದೆ. ರೋಗದ ಕಣವನ್ನಷ್ಟೇ ಹುಡುಕಿ ಕೊಲ್ಲುತ್ತದೆ, ಮೈಗೆ ಗೊತ್ತೂ ಆಗುವುದಿಲ್ಲ. ಆದರೆ ಎಲ್ಲೋ ಕೆಲವರಿಗೆ ಅದು ಹಿಡಿಯುವುದಿಲ್ಲ. ಇಂದುಮತಿಗೆ ಹಿಡಿಯಲಿಲ್ಲ. ಅಂಥವರಿಗೆ ಹಳೇಮದ್ದು ಕೊಡುತ್ತಾರೆ. ಅದೇ ನಿಮ್ಮ ಕಿಮೊ. ನಿಮ್ಮ ಕಾಲದಲ್ಲಿ ದೊಡ್ಡ ದೊಡ್ಡ ವಾರ್ಡುಗಳಲ್ಲಿ ಸಾಲಾಗಿ ಕೂತು ತೆಗೆದುಕೊಳ್ಳುತ್ತಿದ್ದಿರಂತೆ. ಇಲ್ಲಿ ದವಾಖಾನೆಯ ಹಿಂಬದಿಯ ಒಂದು ಕೋಣೆ, ಒಂದು ಕುರ್ಚಿ. ಬೇರೆ ಯಂತ್ರಗಳೆಲ್ಲ ಬಿಡುವಾಗುವ ನಡುಮಧ್ಯಾಹ್ನವೇ ಅದರ ವೇಳೆ. ಮದ್ದು ಏರಿಸುವ ಹುಡುಗಿಗೆ ಕೂದಲು ಉದುರಿದ ಇನ್ನೊಂದು ತಲೆಯನ್ನು ನೋಡಿ ಗೊತ್ತಿರಲಿಲ್ಲ.

ಕೂದಲು ಉದುರುವುದಕ್ಕೆ ಮೊದಲೇ ಅದರ ಬುಡ ನೋಯುತ್ತದೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ಬಾಚಣಿಗೆ ಹಿಡಿದು ಕೂತಾಗ ಇಂದುಮತಿ ನನ್ನ ಕೈ ತಳ್ಳಿದಳು.

"ಮುಟ್ಟಬ್ಯಾಡಕ್ಕ. ಬುಡಾ ಎಲ್ಲಾ ನೋಯಾಕತ್ತಾವು."

ಆಮೇಲೆ ಜಡೆ ಹಾಸಿಗೆಯಲ್ಲೇ ಉಳಿಯತೊಡಗಿತು. ಇದ್ದಬದ್ದದ್ದನ್ನು ನಾನು ಕತ್ತರಿಯಿಂದ ಮೆಲ್ಲಗೆ ಮೋಟು ಮಾಡಿದೆ. ಅವಳು ಅಳಲಿಲ್ಲ. ಅತ್ತದ್ದು ಅದರ ನಂತರ, ಬರಿಯ ತಲೆ ದಿಂಬಿಗೆ ತಾಗಿದಾಗ. "ಇರವಿ ಹರದಂಗ ಆಗತೈತಿ, ಆಮ್ಯಾಲೆ ಕೆಂಡಾ ಇಟ್ಟಂಗ" ಎಂದಳು. ಪಕ್ಕದ ಮನೆಯ ಶೇವಂತಾಬಾಯಿ ಪ್ರೀತಿಯಿಂದಲೇ ಕರ್ಪೂರದ ಎಣ್ಣೆ ತಂದು, ತಂಪಾಗುತ್ತದೆಂದು ಹಚ್ಚಿದರು. ಇಂದುಮತಿ ಬಚ್ಚಲಿಗೆ ಓಡಿ, ನಮ್ಮ ಆ ದಿನದ ನೀರಿನ ಪಾಲನ್ನೆಲ್ಲ ತಲೆಗೆ ಸುರಿದುಕೊಂಡಳು.

ಡಾಕ್ಟರ್ ತೊರವಿಯವರಿಗೆ ಹೇಳಿದೆವು. ಅವರು ಗಂಟಿನ ಚಿತ್ರವನ್ನೇ ನೋಡುತ್ತಿದ್ದರು.

"ಗಂಟು ಕರಗಾಕತ್ತೈತ್ರಿ, ಅದು ಮುಖ್ಯ. ತಲಿ ಉರಿ ಸಣ್ಣ ಸಂಗತಿ. ಕೂದಲಾ ಬಂದ ಮ್ಯಾಲೆ ತಾನ ಹೋಗತೈತಿ."

ಆಗ ನಾನು ನಿಮ್ಮ ಹತ್ತಿರ ಬಂದೆ. ನಮ್ಮಲ್ಲಿ ನೆನಪುಕೋಠಿ ಎಂಬುದಿದೆ. ನಿಮ್ಮ ಕಾಲದ ಚಿತ್ರ, ಮಾತು, ಬರಹಗಳಲ್ಲಿ ಉಳಿದದ್ದನ್ನೆಲ್ಲ ಅಲ್ಲಿ ಕೂಡಿಟ್ಟಿದ್ದಾರೆ. ಶಾಲೆ ಮುಗಿದ ಮೇಲೆ ದಿನವೂ ಹೋಗಿ ಹುಡುಕಿದೆ. ನೀವು ಸಿಕ್ಕಿರಿ. ಬಣ್ಣದ ಸ್ಕಾರ್ಫ್ ಕಟ್ಟಿಕೊಂಡು ನಗುತ್ತಿದ್ದಿರಿ, ವಿಗ್ ಹಾಕಿಕೊಂಡು ಮದುವೆಗಳಲ್ಲಿ ಅಕ್ಷತೆ ಹಿಡಿದು ನಿಂತಿದ್ದಿರಿ. ನಿಮ್ಮನ್ನು ಧೀರೆಯರೆಂದು ಹೊಗಳಿದ ಭಾಷಣಗಳು ಸಿಕ್ಕವು. ನೀವು ಗೆದ್ದಿರೆಂದು ಕತ್ತರಿಸಿದ ಕೇಕುಗಳು ಸಿಕ್ಕವು. ತಲೆ ಉರಿದಾಗ ಏನು ಹಚ್ಚಿಕೊಂಡಿರಿ, ಯಾವ ಬಟ್ಟೆ ಸುತ್ತಿದಿರಿ, ದಿಂಬಿಗೆ ಏನು ಹಾಸಿದಿರಿ ಎಂಬ ಒಂದು ಮಾತು ಸಿಗಲಿಲ್ಲ. ಗೊತ್ತಿದ್ದವರು ಬರೆದಿರಬಹುದು, ಅದನ್ನು ಇಟ್ಟುಕೊಳ್ಳುವಷ್ಟು ದೊಡ್ಡ ಸಂಗತಿಯೆಂದು ಯಾರಿಗೂ ಅನಿಸಿರಲಿಕ್ಕಿಲ್ಲ. ನಿಮ್ಮ ನಗುವನ್ನು ನೋಡಿ ನೋಡಿ ನನಗೆ ಹೊಟ್ಟೆ ಉರಿಯಿತು.

ಕೊನೆಗೆ ನಮ್ಮಷ್ಟಕ್ಕೆ ನಾವೇ ಕಲಿತೆವು. ನಮ್ಮ ಬಟ್ಟೆಗಳಲ್ಲಿ ಈಗ ಹತ್ತಿ ಇಲ್ಲ, ಬಿಸಿಲನ್ನು ಹಿಂದಕ್ಕೆ ಎಸೆಯುವ ಒರಟು ಎಳೆಗಳಿವೆ. ಟ್ರಂಕಿನಲ್ಲಿ ಅವ್ವನ ಒಂದು ಹಳೆಯ ಹತ್ತಿ ಸೀರೆ ಇತ್ತು, ಒಗೆದು ಒಗೆದು ಹೂವಿನಷ್ಟು ಮೆತ್ತಗಾದದ್ದು. ಅದನ್ನು ಹರಿದು, ತುಸು ತಣ್ಣಗಿನ ನೀರಿನಲ್ಲಿ ಅದ್ದಿ ಹಿಂಡಿ ಅವಳ ತಲೆಯ ಮೇಲೆ ಇಟ್ಟೆ. ಉಜ್ಜಲಿಲ್ಲ, ಬರಿದೇ ಇಟ್ಟೆ. ಅವಳು ಕಣ್ಣು ಮುಚ್ಚಿ, "ತಗೀಬ್ಯಾಡ" ಎಂದಳು. ವಾಸನೆಯ ಸಾಬೂನು ಬಿಟ್ಟೆವು. ವಾಸನೆಯಿಲ್ಲದ ಮೆತ್ತನೆಯ ಸಾಬೂನನ್ನು ತುಸುವೇ ಬಳಸಿ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಒರೆಸದೆ ಒತ್ತಿ ಒಣಗಿಸಿ, ಏನೂ ಬೆರೆಸದ ಕೊಬ್ಬರಿ ಎಣ್ಣೆಯನ್ನು ಬೆರಳ ತುದಿಯಿಂದ ಸವರಿದೆವು. ಸೀರೆಯ ಸೆರಗು ದಿಂಬಿನ ಹೊದಿಕೆಯಾಯಿತು. ಆ ವಾರ ಇಂದುಮತಿ ನಿದ್ದೆ ಮಾಡಿದಳು, ರೊಟ್ಟಿ ಕೇಳಿ ಉಂಡಳು. ಅಡುಗೆಮನೆಯಲ್ಲಿ ನನ್ನ ಮುಂದೆ ಕೂತು, ಒಣಗಿದ ಗಂಟಲಲ್ಲೇ ತನ್ನ ಕೂಗನ್ನು ಒಮ್ಮೆ ಕೂಗಿ ನಕ್ಕಳು.

ಆದರೆ ದವಾಖಾನೆಗೆ ಹೋಗಬೇಕಲ್ಲ. ಮುಂದಿನ ಮದ್ದಿನ ದಿನ, ಹಿಂದಿನ ಸಲ ಟೋಪಿಯ ಲೇಪ ಬರಿಯ ತಲೆಗೆ ತಾಗಿ ಪಟ್ಟ ಪಾಡು ನೆನೆದು, ಅವಳು ಒದ್ದೆ ಹತ್ತಿಬಟ್ಟೆ ಸುತ್ತಿಕೊಂಡು ಮೇಲೆ ಕೊಡೆ ಹಿಡಿದಳು. ಬಾಗಿಲಲ್ಲಿ ಪಹರೆಯವನು ತಡೆದ. ವಯಸ್ಸಾದವನು, ಸಭ್ಯ. ಅವಳ ಧ್ವನಿ ಕೇಳಿದೊಡನೆ ಗುರುತು ಹಿಡಿದ.

"ಟೊಪಿಗಿ ಹಾಕ್ಕೋರಿ ಅಕ್ಕಾರ. ನೀವ ದಿನಾ ಕೂಗಿ ಹೇಳತಿದ್ರಿ."

"ಅದನ್ನ ಹಾಕ್ಕೊಂಡ್ರ ತಲಿ ಸುಟ್ಟಂಗ ಆಗತೈತ್ರಿ. ಕೂದಲಾ ಇಲ್ಲ, ನೋಡ್ರಿ."

ಅವಳು ಬೀದಿಯ ನಡುವೆ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ತೋರಿಸಿದಳು. ಅವನು ಮುಖ ತಿರುಗಿಸಿಕೊಂಡ. "ದವಾಖಾನಿ ಚೀಟಿ ತರ್ರಿ, ಬಿಡತೀನಿ" ಎಂದ. ಟೋಪಿಯೊಳಗೆ ಹತ್ತಿಬಟ್ಟೆ ಇಟ್ಟು ನೋಡಿದೆವು. ಲೇಪ ನೇರವಾಗಿ ತಲೆಗೆ ತಾಗದಿದ್ದರೆ ಬಾಗಿಲು ತೆರೆಯುವುದಿಲ್ಲ, ಅದನ್ನು ಹಾಗೆಯೇ ಮಾಡಿದ್ದಾರೆ. ಮದ್ದಿನ ವೇಳೆ ಮೀರುತ್ತಿತ್ತು. ಅವಳು ಟೋಪಿ ಹಾಕಿಕೊಂಡು, ನನ್ನ ತೋಳಿಗೆ ಉಗುರು ಊರಿ ಬಯಲು ದಾಟಿದಳು.

ಡಾಕ್ಟರರಲ್ಲಿ ಚೀಟಿ ಕೇಳಿದೆ. ಅವರೂ ಕೆಟ್ಟವರಲ್ಲ. ನನಗೆ ಕೂರಲು ಹೇಳಿ, ಶಾಂತವಾಗಿ ವಿವರಿಸಿದರು.

"ವಿನಾಯಿತಿ ಗಾಯ ಇದ್ದವರಿಗಷ್ಟ ಐತ್ರಿ, ಟೀಚರ್. ಉರಿ ಕಣ್ಣಿಗಿ ಕಾಣೂದಿಲ್ಲ, ಏನಂತ ಬರೀಲಿ? ಗಾಯ ಆದ ಮ್ಯಾಲೆ ಬರ್ರಿ."

ಗಾಯ ಆಯಿತು. ಟೋಪಿಯ ಲೇಪಕ್ಕೆ ತಲೆಯ ತುಂಬ ಕೆಂಪು ಗುಳ್ಳೆಗಳೆದ್ದು ಕೀವು ತುಂಬಿತು, ಜ್ವರ ಬಂತು. ಚೀಟಿ ಕೂಡಲೇ ಸಿಕ್ಕಿತು. ಆದರೆ ಮೈಯಲ್ಲಿ ತಡೆಯುವ ಶಕ್ತಿ ಇಳಿದಿರುವಾಗ ಕೀವಿನ ಮೇಲೆ ಹಳೇಮದ್ದು ಕೊಡುವಂತಿಲ್ಲವೆಂದು ಅದನ್ನೂ ನಿಲ್ಲಿಸಿದರು. ವಾರಗಳು ಹೋದವು. ಗುಳ್ಳೆ ಒಣಗುತ್ತ ಬಂದಾಗ ಇಂದುಮತಿ, ತರಕಾರಿ ಹೆಚ್ಚುತ್ತಿದ್ದವಳು, ಕೈ ನಿಲ್ಲಿಸದೆ ಹೇಳಿದಳು.

"ಇನ್ನ ಮದ್ದಿಗೆ ನಾ ಬರೂದಿಲ್ಲಕ್ಕ."

"ಮುಗಿಯಾಕ ಬಂದೈತಿ ಇಂದಿ. ಚೀಟೀನೂ ಸಿಕ್ಕೈತಿ."

"ಚೀಟಿ ಗಾಯಕ್ಕ ಸಿಕ್ಕೈತಿ. ಗಾಯ ಮಾಯ್ತಂದ್ರ ಮತ್ತ ಟೊಪಿಗಿ ಹಾಕ್ಕೋ ಅಂತಾರ."

"ಜೀವದಕಿಂತ ತಲಿ ದೊಡ್ಡದೇನ?"

ಅವಳು ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

"ಗಂಟು ನನ್ನ ಒಂದ ದಿನಾನೂ ನೋಯಿಸಲಿಲ್ಲ. ತಲಿ ಒಂದ ದಿನಾನೂ ಬಿಡಲಿಲ್ಲ. ಯಾವದು ದೊಡ್ಡದು ಅಂತ ಯಾರನ್ನ ಕೇಳ್ಲಿ?"

ನಾನು ಬೇಡಿಕೊಂಡೆ. ಜಗಳ ತೆಗೆದೆ. ಮದ್ದನ್ನು ಮನೆಗೇ ತಂದುಕೊಡಿ ಎಂದು ದವಾಖಾನೆಯಲ್ಲಿ ಕೇಳಿದೆ. ಒಬ್ಬರಿಗಾಗಿ ಅಂಥ ಏರ್ಪಾಡು ಇಲ್ಲ ಎಂದರು. ಅವಳು ಹೋಗಲಿಲ್ಲ. ಕೂದಲು ಮತ್ತೆ ಬಂತು, ಮೃದುವಾಗಿ, ಸುರುಳಿಯಾಗಿ. ಅದರ ಹಿಂದೆಯೇ ಗಂಟೂ ಬಂತು. ಮುಂದಿನ ಉರಿಮಾಸ ಅವಳು ನೋಡಲಿಲ್ಲ. ಒಂದು ಟೋಪಿಯ ಸಲುವಾಗಿ ಜೀವ ಕಳೆದುಕೊಂಡಳು ಎಂದು ಊರವರು ಈಗಲೂ ಆಡಿಕೊಳ್ಳುತ್ತಾರೆ. ಚೆನ್ನಾಗಿ ಕಲಿತವರೂ ಆಡಿಕೊಳ್ಳುತ್ತಾರೆ.

ನಗರಸಭೆಯವರು ಅವಳ ಚಿತ್ರವನ್ನು ನೆರಳುಬೀದಿಯ ಗೋಡೆಗೆ ಹಾಕಿಸಿದರು. ಹಳೆಯ ಚಿತ್ರ, ಜಡೆಗೆ ಸೇವಂತಿಗೆ ಮುಡಿದದ್ದು. ಕೂದಲಿಲ್ಲದ, ಹತ್ತಿಬಟ್ಟೆ ಸುತ್ತಿದ ಚಿತ್ರವನ್ನು ಹಾಕಿರೆಂದು ನಾನು ಕೇಳಿದೆ. "ಜನಾ ನೋಡುವಂಗ ಇರಬೇಕಲ್ರಿ" ಎಂದರು. ಈಗ ನನ್ನ ತಂಗಿಯೂ ನಿಮ್ಮ ಹಾಗೆಯೇ ನಗುತ್ತಾಳೆ. ಮುಂದೆ ಯಾರೋ ನೆನಪುಕೋಠಿಯಲ್ಲಿ ಹುಡುಕಿಕೊಂಡು ಬಂದರೆ ಅವರಿಗೂ ಆ ಜಡೆಯೇ ಸಿಗುತ್ತದೆ.

ನಿಮ್ಮನ್ನು ಬೈಯುವುದಕ್ಕೆ ನನಗೆ ಹಕ್ಕಿದೆಯೋ ಇಲ್ಲವೋ ತಿಳಿಯದು. ನಿಮಗೂ ಯಾರೋ ಸಣ್ಣ ಸಂಗತಿ ಎಂದಿರಬೇಕು, ನೀವೂ ಹೌದೆಂದು ತಲೆಯಾಡಿಸಿರಬೇಕು. ಕೂದಲು ಹೋದ ತಲೆಯ ಉರಿಯ ಬಗ್ಗೆ ಮಾತಾಡಿದರೆ ಜೀವ ಉಳಿಸುತ್ತಿರುವವರಿಗೆ ಅವಮಾನವಾದೀತೆಂದು ಹಿಂಜರಿದಿರಬೇಕು. ಆ ಹಿಂಜರಿಕೆ ನಮ್ಮವರೆಗೂ ಬಂದು ಮುಟ್ಟಿದೆ. ನೀವು ಬಿಟ್ಟುಹೋದ ಬೇರೇನೂ ಇಷ್ಟು ಕೆಡದೆ ಉಳಿದಿಲ್ಲ.

ಆದ್ದರಿಂದ ಒಂದೇ ಕೇಳುತ್ತೇನೆ. ಮುಂದಿನ ಸಲ ಕಿಮೊ ವಾರ್ಡಿನಲ್ಲಿ ಡಾಕ್ಟರರು ನಿಮ್ಮನ್ನು ಹೇಗಿದ್ದೀರಿ ಎಂದು ಕೇಳಿದಾಗ, ಚೆನ್ನಾಗಿದ್ದೇನೆ ಎನ್ನಬೇಡಿ. ತಲೆ ಉರಿಯುತ್ತಿದೆ ಎನ್ನಿ. ಅವರು ಅದನ್ನು ಬರೆದುಕೊಳ್ಳುವ ತನಕ ಕುರ್ಚಿ ಬಿಟ್ಟು ಏಳಬೇಡಿ.

ಇಂದುಮತಿಯ ಅಕ್ಕ,
ಚಂದ್ರಭಾಗಾ